ಬೇಡವೆಂದರೆ ಮೈನಸ್ 10

ಬಿಲ್ಲಿನಲ್ಲಿ ಒಂದು ಸರಕು, ಚೀಲದಲ್ಲಿ ಇನ್ನೊಂದು. ಹೀಗಾದರೆ ಅಂಗಡಿಯವನನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಭಾರಿ ಉದಾರಿಗಳು. ತೆರೆಯ ಮೇಲೆ ಏನೋ ಕೇಳುತ್ತದೆ, 'ವೈ' ಒತ್ತುತ್ತೇವೆ, ಮುಗೀತು.

ನಮ್ಮ ಸಂಘದಲ್ಲೇ ಹಲವರು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಪುಕ್ಕಟೆ, ಹಗುರ, ನಮ್ಮ ಮಾತು ಕೇಳುತ್ತೆ ಅಂತ. ಮೊದಲೆರಡು ನಿಜ. ಮೂರನೆಯದಕ್ಕೆ ಸ್ವಲ್ಪ ಕೈಕೆಲಸ ಬೇಕು.

2020ರ ಏಪ್ರಿಲಿನಲ್ಲಿ ಬಂದ ಉಬುಂಟು 20.04ರ ಸಂಗತಿ ನೋಡಿ. ಪ್ಯಾಕೇಜುಗಳನ್ನು ತರಿಸಿಕೊಡುವ 'ಆಪ್ಟ್'ಗೆ ಕ್ರೋಮಿಯಂ ಬ್ರೌಸರ್ ಬೇಕು ಅಂದರೆ ಬರುತ್ತಿದ್ದದ್ದು ಹೆಸರಿಗಷ್ಟೇ ಪ್ಯಾಕೇಜು, ಕೆಲವೇ ಕಿಲೋಬೈಟಿನ ಖಾಲಿ ಡಬ್ಬಿ. ಅದು ಸ್ನ್ಯಾಪ್ ಎಂಬ ಬೇರೊಂದು ವ್ಯವಸ್ಥೆಯನ್ನು ಎಬ್ಬಿಸಿ, ಅದರ ಮಳಿಗೆಯಿಂದ 100 ಮೆಗಾಬೈಟಿಗೂ ಮಿಕ್ಕಿದ ಸರಕನ್ನು ಇಳಿಸುತ್ತಿತ್ತು. 2022ರ 22.04ರಲ್ಲಿ ಫೈರ್‌ಫಾಕ್ಸಿಗೂ ಅದೇ ಗತಿಯಾಯಿತು. ದಿನದ ಡೇಟಾ ಎಣಿಸಿ ಬಳಸುವ ಹಾಸ್ಟೆಲಿನವರಿಗೆ ಇದರ ಬೆಲೆ ಗೊತ್ತು.

ಅವರ ಕಡೆಗೂ ನ್ಯಾಯವಿದೆ, ಇಲ್ಲ ಅನ್ನೋಲ್ಲ. ಪ್ರತಿ ಆವೃತ್ತಿಗೂ ಬ್ರೌಸರನ್ನು ಬೇರೆ ಬೇರೆಯಾಗಿ ಕಟ್ಟುವ ಶ್ರಮ ಇದರಿಂದ ಉಳಿಯುತ್ತದೆ. ಪ್ಯಾಕೇಜಿನ ವಿವರಣೆಯಲ್ಲಿ ಬರೆದಿತ್ತಲ್ಲ ಎಂದೂ ವಾದಿಸಬಹುದು. ಬರೆದಿತ್ತು. ರಸೀದಿಯ ಬೆನ್ನಿಗೆ ಸಣ್ಣಕ್ಷರದಲ್ಲಿ ಷರತ್ತು ಅಚ್ಚು ಹಾಕಿಸುವ ಅಂಗಡಿಯವನ ವಾದವೂ ಇದೇ ತಾನೆ?

ಉಬುಂಟುವಿನ ಬುನಾದಿಯ ಮೇಲೆಯೇ ತಮ್ಮ ವ್ಯವಸ್ಥೆ ಕಟ್ಟುವವರು ಲಿನಕ್ಸ್ ಮಿಂಟಿನವರು. 2020ರ ಜೂನಿನಲ್ಲಿ ಮಿಂಟ್ 20 ತಂದಾಗ ಅದರೊಳಗೆ ಒಂದು ಪುಟ್ಟ ಕಡತ ಇಟ್ಟರು. ಮೂರೇ ಸಾಲಿನ ವಿಷಯ: ಪ್ಯಾಕೇಜು ಸ್ನ್ಯಾಪ್‌ಡಿ, ಎಲ್ಲಿಂದ ಬಂದರೂ ಸರಿ, ಆದ್ಯತೆ ಮೈನಸ್ 10. ಆಪ್ಟ್ ಪ್ರತಿ ಪ್ಯಾಕೇಜಿಗೂ ಆದ್ಯತೆಯ ಅಂಕಿಯೊಂದನ್ನು ಇಡುತ್ತೆ, ಸಾಮಾನ್ಯವಾಗಿ 500. ಅಂಕಿ ಸೊನ್ನೆಗಿಂತ ಕೆಳಗಿಳಿದರೆ ಪ್ರವೇಶವಿಲ್ಲ. ಅದಿಲ್ಲದೆ ನಡೆಯದ ಇನ್ನೊಂದು ಪ್ಯಾಕೇಜು ಕೇಳಿಕೊಂಡು ಬಂದರೂ ಆಪ್ಟ್ ಆಗೋಲ್ಲ ಅಂತ ನಿಲ್ಲುತ್ತೆಯೇ ಹೊರತು ಹಿತ್ತಲ ಬಾಗಿಲಿಂದ ಬಿಡೋಲ್ಲ. ಉಬುಂಟು, ಡೆಬಿಯನ್ ಯಾವುದರಲ್ಲಾದರೂ ನೀವೇ ಇಂಥ ಕಡತ ಬರೆದುಕೊಳ್ಳಬಹುದು. ಆಗಲೇ ಒಳಗೆ ಕೂತಿರೋದನ್ನು ಮಾತ್ರ ಇದು ಎಬ್ಬಿಸೋಲ್ಲ. ಮೊದಲು ತೆಗೆದು ಆಮೇಲೆ ಬಾಗಿಲು ಹಾಕಬೇಕು. ಜೊತೆಗೆ ಬ್ರೌಸರೂ ಹೋದೀತು, ಬದಲಿ ನೋಡಿಕೊಂಡಿರಿ.

ನಮ್ಮ ಪರವಾಗಿ ಮಿಂಟಿನವರೇ ಬೇಡ ಅಂದುಬಿಡೋದು ದಬ್ಬಾಳಿಕೆಯಲ್ಲವೇ ಎಂದು ಗೆಳೆಯರೊಬ್ಬರು ವಾದ ಹೂಡಿದರು. ನನಗೆ ಹಾಗನ್ನಿಸೋಲ್ಲ. ಆ ಕಡತ ಬರೀ ಚಿಲಕ, ಬೀಗ ಜಡಿದಿಲ್ಲ. ಯಾರು ಬೇಕಾದರೂ ತೆಗೆದು ಓದಬಹುದು. ಅಳಿಸಿದರೆ ಸ್ನ್ಯಾಪ್ ಧಾರಾಳವಾಗಿ ಬರುತ್ತೆ. ಬೇಡ ಅಂದು ಅವರು ಕೈಕಟ್ಟಿಯೂ ಕೂರಲಿಲ್ಲ, ಅದೇ ವರ್ಷ ಕ್ರೋಮಿಯಮ್ಮನ್ನು ತಾವೇ ಕಟ್ಟಿ ಕೊಟ್ಟರು. ಹೀಗೆ ಬದಲಿ ಕೊಟ್ಟು ಬೇಡ ಅನ್ನುವವರು ನಮ್ಮ ವಿದ್ಯಾರ್ಥಿ ನಾಯಕರಲ್ಲಿ ಎಷ್ಟು ಜನ ಇದ್ದಾರೋ!

ನನಗಿರುವ ಚಿಂತೆ ನಮ್ಮದೇ ಚಾಳಿಯದು. ಕನ್ನಡ ಮಾಧ್ಯಮದಿಂದ ಬಂದ ನಾವು ಇಂಗ್ಲಿಷ್ ಪಟ್ಟಿ ಕಂಡ ಕೂಡಲೆ ಓದೋದೇ ಬೇಡ ಅಂತ 'ವೈ' ಒತ್ತುತ್ತೇವೆ. ಆಪ್ಟ್ ಪಾಪ, ಒಪ್ಪಿಗೆ ಕೇಳುವ ಮುಂಚೆ ಲೆಕ್ಕ ಮುಂದಿಡುತ್ತೆ: ಹೊಸದಾಗಿ ಬರುವವು ಯಾವುವು, ಹೋಗುವವು ಯಾವುವು, ಎಷ್ಟು ಇಳಿಸಬೇಕು. ಬರೀ ಹೆಸರು, ಅಂಕಿ, ವ್ಯಾಕರಣವೇ ಇಲ್ಲ. ಶಿಫಾರಸಿನ ಮೇಲೆ ನುಗ್ಗುವವೂ ಅದರಲ್ಲೇ ಇರುತ್ತವೆ. ಶಿಫಾರಸು ಬೇಡ ಎನ್ನುವ ಆಯ್ಕೆಯೂ ಉಂಟು. ಮೇಲೆ ಹೇಳಿದ ಖಾಲಿ ಡಬ್ಬಿಯೂ ಇಲ್ಲೇ ಸಿಕ್ಕಿಬೀಳುತ್ತೆ. ಇಡೀ ಬ್ರೌಸರಿಗೆ ಕೆಲವೇ ಕಿಲೋಬೈಟು ಅಂದರೆ ಕಾಮರ್ಸ್ ಓದುವವರಿಗಾದರೂ ಅನುಮಾನ ಬರಬೇಡವೇ?