ಯೂರಿಯವೂ ನಮ್ಮ ಹೊಲವೂ

ಅಮೈಡುಗಳ ಪಾಠವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ನಾಲ್ಕು ಸಮೀಕರಣಗಳೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಿಳಿದಿರುವರು. ಅವುಗಳಲ್ಲಿ ಒಂದು ನಮ್ಮ ಹೊಲಗಳಲ್ಲಿಯೇ ನಡೆಯುತ್ತಿದೆ ಎಂಬುದನ್ನು ಅವರಿಗೆ ತೋರಿಸಿಕೊಡದಿರುವುದು ಬೋಧನೆಯ ಕೊರತೆಯೆಂದೇ ನಾವು ಭಾವಿಸುತ್ತೇವೆ.

ಯೂರಿಯವು ಕಾರ್ಬೊನಿಕ್ ಆಮ್ಲದ ಅಮೈಡು. 1828ರಲ್ಲಿ ಜರ್ಮನಿಯ ವೋಲರನು ಜೀವಿಗಳ ನೆರವಿಲ್ಲದೆ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದನು. ಇದರ ಬಿಳಿಯ ಹರಳುಗಳು ಸುಮಾರು 133 ಡಿಗ್ರಿ ಸೆಂಟಿಗ್ರೇಡಿನಲ್ಲಿ ದ್ರವಿಸುವುವು. ನೀರಿನಲ್ಲಿ ಸುಲಭವಾಗಿ ಕರಗುವುವು. ತೂಕದಲ್ಲಿ ಶೇಕಡಾ 46ಕ್ಕೂ ಹೆಚ್ಚು ಭಾಗ ಸಾರಜನಕವೇ. ಆದರೂ ಯೂರಿಯವು ಅಮೋನಿಯದಂತೆ ಲಿಟ್ಮಸನ್ನು ನೀಲಿಯಾಗಿಸದು. ಸಾರಜನಕದ ಬಳಿಯಿರುವ ಎಲೆಕ್ಟ್ರಾನು ಜೋಡಿಯನ್ನು ನೆರೆಯ ಕಾರ್ಬೊನಿಲ್ ಗುಂಪು ತನ್ನತ್ತ ಸೆಳೆದಿರುವುದೇ ಇದಕ್ಕೆ ಕಾರಣ. ಈ ಹಂಚಿಕೆಯಿಂದ ಅಣುವು ದೃಢವಾಗುವುದು. ಬರಿಯ ನೀರಿನಲ್ಲಿ ಅದರ ವಿಭಜನೆ ಅತ್ಯಂತ ನಿಧಾನ.

ಆದರೆ ಯೂರಿಯೇಸ್ ಎಂಬ ಕಿಣ್ವವು ಸೇರಿದರೆ ಯೂರಿಯವು ಬೇಗನೆ ಒಡೆದು ಅಮೋನಿಯವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೊಡುವುದು. ಅಮೆರಿಕದ ಸಮ್ನರನು 1926ರಲ್ಲಿ ಈ ಕಿಣ್ವವನ್ನು ಒಂದು ಬಗೆಯ ದ್ವಿದಳ ಬೀಜದಿಂದ ಹರಳಿನ ರೂಪದಲ್ಲಿ ಪಡೆದನು. 1946ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ನಮ್ಮ ಮನೆಯ ಹುರುಳಿಯಲ್ಲಿಯೂ ಈ ಕಿಣ್ವವುಂಟು. ಯೂರಿಯದ ದ್ರಾವಣಕ್ಕೆ ಹಸಿ ಹುರುಳಿಹಿಟ್ಟನ್ನು ಕಲಸಿ ಸ್ವಲ್ಪ ಹೊತ್ತಿನ ಮೇಲೆ ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿ ನೋಡಿರಿ, ಅದು ನೀಲಿಯಾಗುವುದು. ಹಿಟ್ಟನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ಕುದಿಸಿದ್ದರೆ ಕಿಣ್ವವು ಕೆಟ್ಟು, ಕಾಗದವು ಕೆಂಪಾಗಿಯೇ ಉಳಿಯುವುದು.

ಮಣ್ಣಿನ ಸೂಕ್ಷ್ಮಜೀವಿಗಳಲ್ಲಿಯೂ ಇದೇ ಕಿಣ್ವವಿದೆ. ಒದ್ದೆ ನೆಲದ ಮೇಲೆ ಯೂರಿಯವನ್ನು ಚೆಲ್ಲಿ ಹಾಗೆಯೇ ಬಿಟ್ಟರೆ, ಹುಟ್ಟಿದ ಅಮೋನಿಯದಲ್ಲಿ ಒಂದು ಪಾಲು ಗಾಳಿಗೆ ಹಾರಿಹೋಗುವುದು. ರೈತನು ಹಣ ಕೊಟ್ಟು ತಂದ ಸಾರಜನಕವು ಪೈರಿಗೆ ದಕ್ಕದೆ ಹೋಗುವುದು. ಗೊಬ್ಬರವನ್ನು ಮಣ್ಣಿನಲ್ಲಿ ಮುಚ್ಚಿದರೆ, ಇಲ್ಲವೆ ಒಡನೆಯೇ ಹದವಾಗಿ ನೀರು ಹಾಯಿಸಿ ಕೆಳಗಿಳಿಸಿದರೆ, ಹುಟ್ಟುವ ಅಮೋನಿಯವು ಅಮೋನಿಯಂ ಅಯಾನಾಗಿ ಜೇಡಿಯ ಕಣಗಳಿಗೆ ಅಂಟಿ ಬೇರಿಗೆ ಒದಗುವುದು.

ಆದುದರಿಂದ ಈ ಹುರುಳಿಯ ಪ್ರಯೋಗವು ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಬೆಲೆಬಾಳುವ ಉಪಕರಣವೇನೂ ಬೇಡ. ನೀಲಿಗೆ ತಿರುಗಿದ ಕಾಗದವನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು, ಗೊಬ್ಬರವನ್ನು ಏಕೆ ಮುಚ್ಚಬೇಕೆಂಬುದನ್ನು ಮನೆಯ ಹಿರಿಯರಿಗೆ ಕಾರಣಸಹಿತವಾಗಿ ಹೇಳಬಲ್ಲನು. ಅಂದು ಆ ಸಮೀಕರಣವು ಅವನಿಗೆ ನಿಜವಾಗಿ ಬಂದಂತಾಯಿತು.