ಸ್ಟಾರ್ ಹಾಕಿ ಸಾಲು ನಕಲು ಮಾಡಬೇಡಿ

ಟೇಬಲ್‌ನಲ್ಲಿರೋ ಒಂದು ಸಾಲನ್ನು ಅದೇ ಟೇಬಲ್‌ಗೆ ಇನ್ನೊಂದು ಸಲ ಸೇರಿಸೋದು ದೊಡ್ಡ ವಿಷಯ ಅಂತ ನಮಗ್ಯಾರಿಗೂ ಅನಿಸಿರಲಿಲ್ಲ. ಡಿಬಿಎಂಎಸ್ ಲ್ಯಾಬ್‌ನಲ್ಲಿ ಜಾಯಿನ್, ಟ್ರಿಗರ್ ಎಲ್ಲ ಬರೆದು ವೈವಾ ಮುಗಿಸಿದವರಿಗೆ ಇದೇನು ಮಹಾ? ಕಳೆದ ಫೆಸ್ಟ್‌ನಲ್ಲಿ ಆ ಜಂಬ ಇಳಿಯಿತು.

ನೋಂದಣಿ ಟೇಬಲ್ ನಾವೇ ಮಾಡಿದ್ದು. ನಾಲ್ಕು ಜನರ ಒಂದು ತಂಡದಲ್ಲಿ ಒಬ್ಬರು ಮಾತ್ರ ಫಾರ್ಮ್ ತುಂಬಿದ್ದರು. ಕಾಲೇಜು, ಸ್ಪರ್ಧೆ, ತಂಡದ ಹೆಸರು ಎಲ್ಲ ಒಂದೇ. ಮತ್ತೆ ಟೈಪ್ ಮಾಡೋದ್ಯಾಕೆ, ಸಾಲನ್ನೇ ನಕಲು ಮಾಡಿ ಹೆಸರು ಬದಲಿಸೋಣ ಅಂದುಕೊಂಡೆವು. ‘ಇನ್ಸರ್ಟ್ ಇಂಟು ನೋಂದಣಿ ಸೆಲೆಕ್ಟ್ ಸ್ಟಾರ್ ಫ್ರಮ್ ನೋಂದಣಿ ವೇರ್ ಐಡಿ = 41’ ಅಂತ ಕೊಟ್ಟರೆ ಮೈಎಸ್‌ಕ್ಯೂಎಲ್ 1062 ಎರರ್ ಎಸೆಯಿತು: ಪ್ರೈಮರಿ ಕೀ ಎರಡು ಸಲ ಬರುವಂತಿಲ್ಲ. ಸರಿ, ಸಾಲನ್ನು ತಾತ್ಕಾಲಿಕ ಟೇಬಲ್‌ಗೆ ಹಾಕಿ, ಐಡಿ ಸೊನ್ನೆ ಮಾಡಿ, ವಾಪಸ್ ಸೇರಿಸಿದೆವು. ಆಟೋ ಇನ್‌ಕ್ರಿಮೆಂಟ್ ಹೊಸ ಐಡಿ ಕೊಟ್ಟಿತು. ಎರರ್ ಹೋಯಿತು, ನಾವೂ ಊಟಕ್ಕೆ ಹೋದೆವು.

ಕ್ಯೂಆರ್ ಟೋಕನ್ ಮಾತ್ರ ಹಳೆಯದೇ ಉಳಿದಿತ್ತು. ಮರುದಿನ ಗೇಟ್‌ನಲ್ಲಿ ಮೊದಲನೆಯವರು ಒಳಗೆ ಹೋದರು. ಉಳಿದ ಮೂವರ ಕೋಡ್ ಸ್ಕ್ಯಾನ್ ಮಾಡಿದರೆ ‘ಈಗಾಗಲೇ ಪ್ರವೇಶವಾಗಿದೆ’. ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದವರನ್ನು ನಮ್ಮ ವಾಲಂಟಿಯರ್‌ಗಳು ಕಳ್ಳರ ಥರ ನೋಡಿದರು. ತಪ್ಪು ಹುಡುಕಿ ಸರಿಮಾಡೋ ಹೊತ್ತಿಗೆ ಮೊದಲ ಸುತ್ತು ಮುಗಿದಿತ್ತು.

ಹಾಗಾಗಿ ನಾವು ಹೇಳೋದು: ಸಾಲು ನಕಲು ಮಾಡುವಾಗ ಸ್ಟಾರ್ ಬಳಸಲೇಬಾರದು. ಕಾಲಮ್‌ಗಳ ಹೆಸರನ್ನು ಒಂದೊಂದಾಗಿ ಬರೆಯಿರಿ. ಇನ್ಸರ್ಟ್ ಪಟ್ಟಿಯಲ್ಲಿ ಐಡಿ ಬಿಟ್ಟುಬಿಡಿ. ಸೆಲೆಕ್ಟ್‌ನಲ್ಲಿ ಕಾಲೇಜು, ಸ್ಪರ್ಧೆ ಹಳೇ ಸಾಲಿನಿಂದ ಬರಲಿ. ಹೆಸರಿನ ಜಾಗಕ್ಕೆ ಹೊಸ ಹೆಸರು, ಟೋಕನ್ ಜಾಗಕ್ಕೆ ಯುಯುಐಡಿ ಫಂಕ್ಷನ್, ಸಮಯದ ಜಾಗಕ್ಕೆ ನೌ ಫಂಕ್ಷನ್ ಹಾಕಿ. ಇಪ್ಪತ್ತು ಕಾಲಮ್ ಇದ್ದರೆ ಬೇಜಾರು, ಒಪ್ತೀವಿ. ಆದರೆ ಪ್ರತಿ ಹೆಸರು ಬರೆಯುವಾಗಲೂ ‘ಇದು ಇಬ್ಬರಿಗೂ ಒಂದೇನಾ?’ ಅಂತ ಯೋಚಿಸಲೇಬೇಕಾಗುತ್ತೆ. ಸ್ಟಾರ್ ಆ ಪ್ರಶ್ನೆಯನ್ನೇ ನುಂಗಿಬಿಡುತ್ತೆ.

ಟೋಕನ್ ಕಾಲಮ್‌ಗೆ ಯುನೀಕ್ ಹಾಕಿದ್ದರೂ ಸಾಕಿತ್ತು, ಅದೇ 1062 ಹಿಂದಿನ ರಾತ್ರಿಯೇ ಮತ್ತೊಮ್ಮೆ ತಡೆಯುತ್ತಿತ್ತು. ಟೆಸ್ಟಿಂಗ್ ವೇಳೆ ‘ಸುಮ್ನೆ ಎರರ್ ಬರುತ್ತೆ’ ಅಂತ ಅದನ್ನು ತೆಗೆದಿದ್ದೂ ನಾವೇ ಅನ್ನಿ. ಲ್ಯಾಬ್‌ನಲ್ಲಿ ಎರರ್ ಬಾರದ ಕ್ವೆರಿಗೇ ಅಂಕ ಸಿಗೋದು. ಟೇಬಲ್ ಯಾವುದನ್ನು ಬೇಡ ಅನ್ನಬೇಕು ಅಂತ ಯಾರೂ ಕೇಳಲ್ಲ. ಒಂದು ಪ್ರಯೋಗವಾದರೂ ಅದಕ್ಕೆ ಮೀಸಲಿಡಲಿ.

ಇನ್ನೊಂದು: ಸಾಲು ನಕಲಾದರೆ ಫಾರಿನ್ ಕೀ ಮೂಲಕ ಅದಕ್ಕೆ ಅಂಟಿಕೊಂಡ ಬೇರೆ ಟೇಬಲ್‌ನ ಸಾಲುಗಳು ಜೊತೆಗೆ ಬರಲ್ಲ. ನಮ್ಮಲ್ಲಿ ಊಟದ ಕೂಪನ್ ಬೇರೆ ಟೇಬಲ್‌ನಲ್ಲಿತ್ತು. ಮಧ್ಯಾಹ್ನ ಆ ಮೂವರಿಗೆ ನಮ್ಮ ಕೂಪನ್‌ಗಳನ್ನೇ ಕೊಟ್ಟೆವು.