ರೆಕ್ಕೆ ಕಟ್ಟಿದ್ದು ಯಾರು?

"ಕೋಡುಬಳೆ ಬಹಳ ಚೆನ್ನಾಗಿದೆ, ನೀವೇ ಮಾಡಿದ್ದಾ?" ಎಂದು ನನ್ನ ತಂಗಿಯನ್ನು ಕೇಳಿದ ಅತಿಥಿಗಳು, ಅವಳ ಗಂಡನ ಕಡೆ ತಿರುಗಿ "ವಿಮಾನ ನೀವೇ ಮಾಡಿದ್ದಾ?" ಎಂದರು. ನಿಜ ಹೇಳಬೇಕೆಂದರೆ ಕೋಡುಬಳೆ ಕರಿದವಳು ನಾನು. ವಿಮಾನದ ರೆಕ್ಕೆಗೆ ಮುಂದಂಚು ಕೂರಿಸಿದವಳು ನನ್ನ ತಂಗಿ. ಆದರೂ ಅವಳು ನಕ್ಕು ಸುಮ್ಮನಾದಳು. ಆ ನಗು ಕಂಡು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

2023ರ ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಅವಳ ಮನೆಗೆ ಹೋಗಿದ್ದೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕಾರಿರಲಿಲ್ಲ, ಇಬ್ಬರು ಕೂರುವ ಪುಟ್ಟ ವಿಮಾನದ ರೆಕ್ಕೆಗಳಿದ್ದವು. ಮನೆಯಲ್ಲಿ ವಿಮಾನ ಕಟ್ಟುವುದು ಅಲ್ಲಿ ಹುಚ್ಚಾಟವಲ್ಲ. ಇಂಥವರೆಲ್ಲ ಸೇರಿ 1953ರಲ್ಲೇ ಅದೇ ರಾಜ್ಯದ ಮಿಲ್ವಾಕಿಯಲ್ಲಿ ಸಂಘ ಕಟ್ಟಿಕೊಂಡಿದ್ದಾರೆ. 1970ರಿಂದ ಅವರ ದೊಡ್ಡ ಜಾತ್ರೆ ಆಷ್ಕಾಷ್ ಊರಿನಲ್ಲಿ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಸ್ವಂತ ಕಲಿಕೆಗಾಗಿ ಇಲ್ಲವೇ ಸಂತೋಷಕ್ಕಾಗಿ ಮಾಡಿರಬೇಕೆಂಬುದು ಅಲ್ಲಿನ ಕಾನೂನು. ವಿಮಾನದ ಕಾನೂನಿನಲ್ಲಿ 'ಕಲಿಕೆ' ಎಂಬ ಮಾತು ಕಂಡು ಮೇಷ್ಟ್ರಗಿತ್ತಿಯಾದ ನನಗೆ ಖುಷಿಯಾಯಿತು.

ಮುಂದಂಚು ಎಂದರೆ ರೆಕ್ಕೆಯಲ್ಲಿ ಗಾಳಿಗೆ ಮೊದಲು ಎದುರಾಗುವ ಭಾಗ. ಅದರ ದುಂಡು ಕೆಟ್ಟರೆ ರೆಕ್ಕೆ ಎತ್ತುವ ಬಲವೂ ಕೆಡುತ್ತದೆ. ತಂಗಿ ಕೂರಿಸುತ್ತಿದ್ದದ್ದು ಫೈಬರ್‌ಗ್ಲಾಸಿನದು. ನಮ್ಮ ಬಚ್ಚಲಮನೆಗಳಿಗೆ ಫೈಬರ್ ಬಾಗಿಲು ಬಂದಿದೆಯಲ್ಲ, ಅದೇ ಜಾತಿ. ನೋಡಲು ಬಗ್ಗಿಸಿದ ಅಡಿಕೆ ಹಾಳೆಯಂತೆ. ಅದನ್ನು ರೆಕ್ಕೆಯ ಮರದ ಪಕ್ಕೆಲುಬುಗಳಿಗೂ ಉದ್ದದ ತೊಲೆಗೂ ಅಂಟಿಸಬೇಕು. ನುಣುಪಾದ ಮೈಗೆ ಅಂಟು ಹಿಡಿಯದು, ಆದ್ದರಿಂದ ಮೊದಲು ಉಪ್ಪುಕಾಗದದಿಂದ ತಿಕ್ಕಿ ಒರಟು ಮಾಡಬೇಕು. ಧೂಳು ಮೂಗಿಗೆ ಹೋಗಬಾರದು, ಅಂಟು ಚರ್ಮಕ್ಕೆ ತಾಗಬಾರದು. ಎಪಾಕ್ಸಿ ಅಂಟಿನ ಎರಡು ಭಾಗಗಳನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಹಾಲಿಗೆ ಹೆಪ್ಪು ಹಾಕುವ ಕಣ್ಣಳತೆ ಇಲ್ಲಿ ನಡೆಯದು. ಗಟ್ಟಿಮಾಡುವ ದ್ರವ ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಬೆರೆಸಿದ್ದನ್ನು ಬಟ್ಟಲಲ್ಲಿ ರಾಶಿಯಾಗಿ ಬಿಟ್ಟರೆ ತನ್ನಷ್ಟಕ್ಕೆ ಬಿಸಿಯೇರಿ ಕೆಡುತ್ತದೆ.

ಎಲ್ಲಕ್ಕಿಂತ ಮುಖ್ಯ, ರೆಕ್ಕೆಯ ತಿರುಚು. ಬುಡಕ್ಕಿಂತ ತುದಿ ಸ್ವಲ್ಪ ತಗ್ಗಿದ ಕೋನದಲ್ಲಿರಬೇಕು. ವೇಗ ತೀರಾ ಇಳಿದಾಗ ಬುಡ ಮೊದಲು ಸೋಲುತ್ತದೆ, ತುದಿ ಇನ್ನೂ ಚಾಲಕನ ಮಾತು ಕೇಳುತ್ತದೆ. ಮುಂದಂಚು ಅಂಟಿತೆಂದರೆ ರೆಕ್ಕೆಯ ಮುಂಭಾಗ ಮುಚ್ಚಿದ ಪೆಟ್ಟಿಗೆಯಂತೆ ಬಿಗಿಯಾಗುತ್ತದೆ. ಆಗ ತಿರುಚು ಸರಿಯಿದ್ದರೂ ತಪ್ಪಿದ್ದರೂ ಅದೇ ಖಾಯಂ.

ಅಂಟು ಬೆರೆಸುವ ಮುನ್ನ ತಂಗಿ ಒಂದೊಂದೇ ಪಕ್ಕೆಲುಬಿನ ಮೇಲೆ ಕೋನ ಅಳೆದಳು. ಹಿಂದಿನ ವಾರ ಮುಗಿಸಿದ್ದ ರೆಕ್ಕೆಗೂ ಇದಕ್ಕೂ ತುದಿಯಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ. ಅವಳ ಗಂಡ ದಣಿದಿದ್ದರು. "ಅರ್ಧ ಡಿಗ್ರಿ ತಾನೆ, ಯಾರಿಗೆ ಕಾಣುತ್ತೆ?" ಎಂದರು.

"ಗಾಳಿಗೆ ಕಾಣುತ್ತೆ ಕಣ್ರೀ" ಎಂದು ಅವಳು ಬಿಗಿದ ಪಟ್ಟಿಗಳನ್ನೆಲ್ಲ ಬಿಚ್ಚಿದಳು. ರೆಕ್ಕೆಗೆ ಕೊಟ್ಟಿದ್ದ ಆಧಾರವೊಂದು ಜಾರಿತ್ತು. ಅದನ್ನು ಸರಿಮಾಡಿ ಮತ್ತೆ ಅಳೆಯುವ ಹೊತ್ತಿಗೆ ಮಧ್ಯರಾತ್ರಿ. ಅಂಟು ಹಾಕಿದ್ದು ಮರುದಿನ.

ಇಂಥವಳನ್ನು ಆ ಭಾನುವಾರ ಅತಿಥಿಗಳು ಕೋಡುಬಳೆಗಾಗಿ ಹೊಗಳಿದರು. ಅವಳ ಗಂಡ ಒಳ್ಳೆಯವರು, "ರೆಕ್ಕೆ ಕೆಲಸ ಇವಳದೇ" ಎಂದರು. ಆಗ ಒಬ್ಬಾಕೆ, "ರಂಗೋಲಿ ಹಾಕಿದ ಕೈಯಲ್ಲವೇ, ಅದಕ್ಕೇ ಇಷ್ಟು ನಾಜೂಕು" ಎಂದರು. ಇದು ಹೊಗಳಿಕೆಯೇ? ರಂಗೋಲಿಯ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ತಂಗಿ ತಿಂಗಳುಗಟ್ಟಲೆ ಪುಸ್ತಕ ಓದಿದ್ದಾಳೆ, ಚೂರುಗಳ ಮೇಲೆ ಅಂಟಿಸಿ, ಮುರಿದು, ಕಸಕ್ಕೆ ಹಾಕಿ ಕಲಿತಿದ್ದಾಳೆ. ಗಂಡಸು ಅಳೆದರೆ ಎಂಜಿನಿಯರಿಂಗ್, ಹೆಂಗಸು ಅಳೆದರೆ ಕೈಗುಣ! ಕೈಗುಣ ಎಂದ ಕೂಡಲೇ ನಾವು ಅವಳ ಓದನ್ನೂ ತೀರ್ಮಾನವನ್ನೂ ಕಿತ್ತುಕೊಂಡಂತೆ.

1910ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ಬಳಿ ಲಿಲಿಯನ್ ಬ್ಲಾಂಡ್ ಎಂಬಾಕೆ ತಾನೇ ವಿಮಾನ ಕಟ್ಟಿ ಹಾರಿಸಿದಳು. ಪೆಟ್ರೋಲ್ ತೊಟ್ಟಿ ಬರುವುದು ತಡವಾದಾಗ ಖಾಲಿ ವಿಸ್ಕಿ ಬಾಟಲಿಯನ್ನೂ, ಕಿವಿ ಕೇಳದ ಅತ್ತೆಯ ಕಿವಿ ತುತ್ತೂರಿಯನ್ನೂ ಬಳಸಿದ ಗಟ್ಟಿಗಿತ್ತಿ. ಅಪ್ಪ ಗದರಿಸಿ ನಿಲ್ಲಿಸಲಿಲ್ಲ. ಹಾರುವುದು ಬಿಟ್ಟರೆ ಕಾರು ಕೊಡಿಸುತ್ತೇನೆಂದ. ಅವಳು ಬಿಟ್ಟಳು. ನಮ್ಮನ್ನು ಬೈದು ತಡೆದವರಿಗಿಂತ ಅಕ್ಕರೆಯಿಂದ ತಡೆದವರೇ ಹೆಚ್ಚು.

ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಹೋದ ಮೊದಲ ವಾರವೇ ತಂಗಿಗೆ, "ಕೈ ನೋಡೇ ಹೇಗಾಗಿದೆ, ನಿನಗ್ಯಾಕೆ ಈ ಕೆಲಸ?" ಎಂದಿದ್ದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ವರ್ಷಾ ವರ್ಷಾ ಪಟ್ಟಿ ಮಾಡುವವಳೂ ನಾನೇ: ಹುಡುಗರಿಗೆ ವೈರು, ಡ್ರಿಲ್ಲು, ಹುಡುಗಿಯರಿಗೆ ರಂಗೋಲಿ, ಸ್ವಾಗತ. ಎಂಟನೇ ತರಗತಿಯ ಒಬ್ಬಳು "ಮಿಸ್, ನಾನೂ ಡ್ರಿಲ್ ಹಿಡೀಲಾ?" ಎಂದಾಗ, "ಬೇಡಮ್ಮ, ಏನಾದರೂ ಆದರೆ ನಿಮ್ಮಪ್ಪನಿಗೆ ಏನು ಹೇಳಲಿ?" ಎಂದಿದ್ದೆ. ಅಕ್ಕರೆಯಿಂದಲೇ.

ಇದೆಲ್ಲ ಅಮೆರಿಕದ ಶೋಕಿ ಎನ್ನಬೇಡಿ. ಫೈಬರ್‌ಗ್ಲಾಸಿನ ಪುಟ್ಟ ವಿಮಾನ 'ಹಂಸ'ವನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೇ ರೂಪಿಸಿತು. ಅದು ಮೊದಲು ಹಾರಿದ್ದು 1993ರಲ್ಲಿ. ಆ ಕೆಲಸಕ್ಕೆ ಬೇಕಾದ ಕೈಗಳು ನಮ್ಮ ತರಗತಿಗಳಲ್ಲೇ ಇವೆ. ಅವುಗಳಿಗೆ ರಂಗೋಲಿ ಬಟ್ಟಲನ್ನಷ್ಟೇ ಕೊಟ್ಟು ಕಳಿಸುವವರು ನಾವು.

ಊರಿಗೆ ಬಂದ ಮೇಲೆ ಪಟ್ಟಿ ಬದಲಾಯಿಸಿದೆ. ಆ ಹುಡುಗಿ ಡ್ರಿಲ್ ಹಿಡಿದಳು. ಎರಡು ತೂತು ಸೊಟ್ಟಗಾದವು, ಮೂರನೆಯದು ನೆಟ್ಟಗಿತ್ತು. ಅವಳಪ್ಪ ಜಗಳಕ್ಕೆ ಬರಲಿಲ್ಲ.

ತಂಗಿಗೂ ಫೋನಿನಲ್ಲಿ ಹೇಳಿದ್ದೇನೆ: ಇನ್ನೊಮ್ಮೆ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗಬೇಡ, "ರೆಕ್ಕೆ ನಾನೇ ಕಟ್ಟಿದ್ದು, ಕೋಡುಬಳೆ ನಮ್ಮಕ್ಕ ಮಾಡಿದ್ದು" ಅನ್ನು. ನೀವೂ ಹೇಳಿ ನೋಡಿ. ಮೊದಲ ಸಲ ಬಾಯಿ ತಡವರಿಸುತ್ತದೆ, ಅಷ್ಟೆ.